ಮುಕ್ಕಾಲು ಸೆಕೆಂಡಿನ ವ್ಯಾಪಾರ

ಕೋಲಾರದ ಅಂತರಗಂಗೆ ಬೆಟ್ಟ ಹತ್ತುವಾಗ ಅರ್ಧ ದಾರಿಗೇ ನನಗೆ ಏದುಸಿರು. ಬಸವನ ಬಾಯಿಂದ ಬೀಳುವ ನೀರಿನ ಹತ್ತಿರ ಹೋಗುವಷ್ಟರಲ್ಲಿ ಮೂರು ಸಲ ಕೂತಿರುತ್ತೇನೆ. "ಗಾಳಿ ಸಾಲ್ತಿಲ್ಲ" ಅಂತೀವಿ ಅಲ್ವಾ? ಗಾಳಿಯೇನೋ ಸಾಲುತ್ತದೆ. ಒಳಗೆಳೆದ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಭಾಗ. ಹೊರಗೆ ಬಿಟ್ಟ ಉಸಿರಲ್ಲೂ ಇನ್ನೂ 16 ಭಾಗ ಉಳಿದಿರುತ್ತದೆ.

ಶ್ವಾಸಕೋಶದ ತುದಿಯಲ್ಲಿ ಕೋಟಿಗಟ್ಟಲೆ ಪುಟಾಣಿ ಗಾಳಿಗೂಡುಗಳಿವೆ, 30 ಕೋಟಿಗೂ ಜಾಸ್ತಿ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್. 20 ಅಡಿಗೆ 30 ಅಡಿಯ ಒಂದು ಸೈಟು ತುಂಬಿ ಇನ್ನೂ ಮಿಗುತ್ತದೆ! ಒಂದೊಂದು ಗೂಡಿನ ಸುತ್ತಲೂ ರಕ್ತದ ಸಣ್ಣ ನಾಳಗಳ ಬಲೆ. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ತಲೆಗೂದಲಿಗಿಂತ ನೂರು ಪಟ್ಟು ತೆಳು.

ನಮ್ಮ ಟೊಮೆಟೊ ಮಂಡಿಯಲ್ಲಾದರೆ ಬಾಕ್ಸ್ ಹೊರಲು ಹಮಾಲಿಗಳು ಬೇಕು. ಇಲ್ಲಿ ಬೇಡ. ಅನಿಲ ತಾನಾಗಿಯೇ ಒತ್ತಡ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಸರಿಯುತ್ತದೆ. ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ ಆಮ್ಲಜನಕದ ಒತ್ತಡ ಗೂಡಿನಲ್ಲಿ ಸುಮಾರು 100, ಬರುವ ರಕ್ತದಲ್ಲಿ 40. ಇಂಗಾಲದ ಡೈಆಕ್ಸೈಡ್‌ದು ಉಲ್ಟಾ: ರಕ್ತದಲ್ಲಿ 45, ಗೂಡಿನಲ್ಲಿ 40. ವ್ಯತ್ಯಾಸ ಬರೀ 5. ಆದರೂ ಅದಕ್ಕೆ ತೊಂದರೆಯಿಲ್ಲ, ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಸಲೀಸಾಗಿ ಗೋಡೆ ದಾಟುತ್ತದೆ.

ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಸಮಯದ ಲೆಕ್ಕ. ಸುಮ್ನೆ ಕೂತಾಗ ಒಂದು ಕೆಂಪು ರಕ್ತಕಣ ಗಾಳಿಗೂಡಿನ ಪಕ್ಕದಲ್ಲಿ ಹಾದುಹೋಗಲು ಸುಮಾರು ಮುಕ್ಕಾಲು ಸೆಕೆಂಡು ತೆಗೆದುಕೊಳ್ಳುತ್ತದೆ. ಲೋಡ್ ಆಗುವುದಕ್ಕೆ ಕಾಲು ಸೆಕೆಂಡು ಸಾಕು. ಉಳಿದದ್ದು ಬಿಡುವು. ಮೆಟ್ಟಿಲು ಹತ್ತುವಾಗ ಹೃದಯ ಜೋರಾಗಿ ತಳ್ಳಿ ರಕ್ತ ಬೇಗ ಓಡುತ್ತದೆ, ಬಿಡುವು ಕರಗುತ್ತದೆ. ಆದರೂ ಗೋಡೆ ತೆಳ್ಳಗಿದ್ದರೆ ಕಣ ತುಂಬಿಕೊಂಡೇ ಹೋಗುತ್ತದೆ. ಅಂತರಗಂಗೆಯಲ್ಲಿ ನನ್ನ ಶ್ವಾಸಕೋಶ ಸೋತಿರಲಿಲ್ಲ, ಅಭ್ಯಾಸ ತಪ್ಪಿದ ಕಾಲುಗಳು ಸೋತಿದ್ದವು.

ಗೋಡೆ ದಪ್ಪವಾದರೆ? ಇದೇ ಜಿಲ್ಲೆಯ ಕೆಜಿಎಫ್‌ನಲ್ಲಿ ಚಿನ್ನ ಸಿಕ್ಕಿದ್ದು ಬೆಣಚು ಕಲ್ಲಿನ ಪದರಗಳಲ್ಲಿ. ಕೊರೆದಾಗ ಏಳುವ ಸಣ್ಣ ಸಿಲಿಕಾ ದೂಳು ಗಾಳಿಗೂಡಿನ ತನಕ ಇಳಿಯುತ್ತದೆ. ಅದನ್ನು ನುಂಗಿದ ಕಾವಲು ಕಣಗಳು ಸಾಯುತ್ತವೆ, ಸುತ್ತ ಗಾಯ ಕಟ್ಟಿ ಗಟ್ಟಿಯಾಗುತ್ತದೆ. ಅದೇ ಸಿಲಿಕೋಸಿಸ್. ಗಣಿಯಲ್ಲಿ ದುಡಿದ ಎಷ್ಟೋ ಜನರಿಗೆ ಅದು ಅಂಟಿತು. ಅಂಥವರು ಜಗಲಿ ಮೇಲೆ ಕೂತು ಮಾತಾಡುವಾಗ ಏನೂ ಗೊತ್ತಾಗದೆ ಇರಬಹುದು, ಮುಕ್ಕಾಲು ಸೆಕೆಂಡು ಹೇಗೋ ಸಾಲುತ್ತದೆ. ಎದ್ದು ನಾಲ್ಕು ಮೆಟ್ಟಿಲು ಹತ್ತಿದರೆ ಸಾಲುವುದಿಲ್ಲ. ಗಣಿ ಮುಚ್ಚಿದ್ದು 2001ರಲ್ಲಿ. ಆ ಗಾಯ ಮಾತ್ರ ದೂಳು ನಿಂತ ಮೇಲೂ ಬೆಳೆಯುತ್ತ ಹೋಗಬಹುದು.