ಆಡುವವರು ಏಷ್ಯಾದವರು, ನಿಯಮ ಬರೆದವರು ಯಾರು?

ಶನಿವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಶಟಲ್ ಕೋರ್ಟ್ ಸಿಗುವುದೇ ಕಷ್ಟ. ಆದರೆ ಗೇಮ್ ಎಷ್ಟು ಪಾಯಿಂಟಿಗೆ ಮುಗಿಯಬೇಕು ಎಂದು ತೀರ್ಮಾನಿಸುವವರು ಯಾರು ಅಂದರೆ, ಆಡುವವರೂ ತಲೆ ಕೆರೆದುಕೊಳ್ಳುತ್ತಾರೆ. ಮೇಲೆ ಬ್ಯಾಡ್ಮಿಂಟನ್ನಿನದೇ ಒಂದು ವಿಶ್ವ ಸಂಸ್ಥೆ, ಕೆಳಗೆ ಐದು ಖಂಡಗಳ ಸಂಸ್ಥೆಗಳು. ನಮ್ಮ ಪಾಲಿಗೆ ಬಂದಿರುವುದು ಬ್ಯಾಡ್ಮಿಂಟನ್ ಏಷ್ಯಾ.

1934ರಲ್ಲಿ ವಿಶ್ವ ಸಂಸ್ಥೆ ಕಟ್ಟಿದ ಒಂಬತ್ತು ಸಂಘಗಳಲ್ಲಿ ಏಷ್ಯಾದ್ದು ಒಂದೂ ಇರಲಿಲ್ಲ. ಭಾರತ ಸೇರಿದ್ದು 1936ರಲ್ಲಿ. ಏಷ್ಯಾದವರು ತಮ್ಮದೇ ಒಕ್ಕೂಟ ಮಾಡಿಕೊಂಡದ್ದು 1959ರಲ್ಲಿ, ಕ್ವಾಲಾಲಂಪುರದಲ್ಲಿ. 1965ರಲ್ಲಿ ಲಖನೌದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್ ಅನ್ನು ನಮ್ಮ ದಿನೇಶ್ ಖನ್ನಾ ಗೆದ್ದರು.

ಗಂಟು ಬಿದ್ದದ್ದು ಎಪ್ಪತ್ತರ ದಶಕದಲ್ಲಿ. ಬ್ಯಾಡ್ಮಿಂಟನ್ನಿನ ವಿಶ್ವ ಸಂಸ್ಥೆಯಲ್ಲಿ ತೈವಾನ್ ಇತ್ತು, ಚೀನಾ ಇರಲಿಲ್ಲ. ಏಷ್ಯಾ ಒಕ್ಕೂಟ ಮಾತ್ರ ಚೀನಾಕ್ಕೆ ಬಾಗಿಲು ತೆರೆಯಿತು. ಹಾಗಾಗಿ 1976ರಲ್ಲಿ ಹೈದರಾಬಾದಿನ ಏಷ್ಯನ್ ಕೂಟದಲ್ಲಿ ಚೀನಾದ ಹೌ ಜಿಯಾಚಾಂಗ್ ಗೆದ್ದರು. ಅಲ್ಲಿ ಕಂಚು ಪಡೆದವರಲ್ಲಿ ಪ್ರಕಾಶ್ ಪಡುಕೋಣೆಯೂ ಒಬ್ಬರು. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲ್‌ನಲ್ಲಿ, ಮದುವೆ ಇಲ್ಲದ ದಿನ ಆಡಿ ಬೆಳೆದ ಹುಡುಗ.

1978ರಲ್ಲಿ ಜಗಳ ಬೀದಿಗೆ ಬಂತು. ಹಾಂಗ್‌ಕಾಂಗ್‌ನಲ್ಲಿ ಇನ್ನೊಂದು ವಿಶ್ವ ಸಂಸ್ಥೆ ಹುಟ್ಟಿತು. ತೈವಾನ್ ಪ್ರಶ್ನೆ ಇತ್ತು, ವರ್ಣಭೇದದ ದಕ್ಷಿಣ ಆಫ್ರಿಕಾ ಸದಸ್ಯನಾಗಿರಬೇಕೇ ಎಂಬ ಪ್ರಶ್ನೆ ಇತ್ತು. ದೇಶಕ್ಕೊಂದೇ ಮತ ಬೇಕು ಎಂಬ ಬೇಡಿಕೆಯೂ ಇತ್ತು. ಹಳೆಯ ಸಂಸ್ಥೆಯಲ್ಲಿ ಎಲ್ಲ ದೇಶಕ್ಕೂ ಒಂದೇ ಅಳತೆಯ ಮತ ಇರಲಿಲ್ಲವಲ್ಲ! ಎರಡು ಸಂಸ್ಥೆ, ಎರಡು ವಿಶ್ವ ಚಾಂಪಿಯನ್‌ಶಿಪ್. ನಷ್ಟ ಆಟಗಾರರಿಗೆ.

1980ರಲ್ಲಿ ಪ್ರಕಾಶ್ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದಾಗ ಊರೆಲ್ಲ ಹಬ್ಬ. ಆದರೆ ಇನ್ನೊಂದು ಸಂಸ್ಥೆಯ ಕಡೆಗಿದ್ದ ಚೀನಾದವರು ಆ ಕೂಟದಲ್ಲಿ ಇರಲೇ ಇಲ್ಲ. ಅವರಿದ್ದರೆ ಏನಾಗುತ್ತಿತ್ತು ಎಂದು ಕೊಂಕು ತೆಗೆಯಲು ಜಾಗವಿತ್ತು. 1981ರ ಮೇನಲ್ಲಿ ಟೋಕಿಯೋದಲ್ಲಿ ಎರಡೂ ಸಂಸ್ಥೆ ಒಂದಾದವು. ಅದೇ ವರ್ಷ ಕ್ವಾಲಾಲಂಪುರದ ವಿಶ್ವಕಪ್ ಫೈನಲ್‌ನಲ್ಲಿ ಪ್ರಕಾಶ್ ಎದುರು ನಿಂತವರು ಚೀನಾದ ಹಾನ್ ಜಿಯಾನ್. ಗೆದ್ದವರು ಪ್ರಕಾಶ್, ಸ್ಕೋರು 15-0, 18-16. ಕೊಂಕಿಗೆ ಉತ್ತರ ಸಿಕ್ಕಿತು. ಆಡಳಿತದವರು ಬೇಗ ಕೂತು ಮಾತಾಡಿದ್ದರೆ ಅದು ಇನ್ನೂ ಮೊದಲೇ ಸಿಗುತ್ತಿತ್ತು.

ಆಮೇಲಿನದು ಚುಟುಕು. 1992ರಲ್ಲಿ ಬ್ಯಾಡ್ಮಿಂಟನ್ ಒಲಿಂಪಿಕ್ಸ್‌ನಲ್ಲಿ ಪದಕದ ಆಟವಾಯಿತು. 2005ರಲ್ಲಿ ವಿಶ್ವ ಸಂಸ್ಥೆಯ ಕಚೇರಿ ಇಂಗ್ಲೆಂಡಿನಿಂದ ಕ್ವಾಲಾಲಂಪುರಕ್ಕೆ. ಕಚೇರಿ ಏಷ್ಯಾಕ್ಕೆ ಬಂತು, ಏಷ್ಯಾದವರ ಮಾತು ನಡೆಯಿತೇ? 2021ರಲ್ಲಿ 11 ಪಾಯಿಂಟಿನ ಐದು ಗೇಮ್ ಬೇಕು ಎಂದು ಇಂಡೋನೇಷ್ಯಾ, ಮಾಲ್ಡೀವ್ಸ್ ಕೇಳಿದವು, ಬ್ಯಾಡ್ಮಿಂಟನ್ ಏಷ್ಯಾ ಬೆನ್ನಿಗೆ ನಿಂತಿತು. ಬೇಕಿದ್ದದ್ದು ಮೂರನೇ ಎರಡರಷ್ಟು ಮತ, ಬಂದದ್ದು ಶೇ. 66.31. ಕೂದಲೆಳೆಯಲ್ಲಿ ತಪ್ಪಿತು. ದೇಶಕ್ಕೊಂದೇ ಮತ ಎಂಬ ಹಳೆಯ ಬೇಡಿಕೆ ಏನಾಯಿತು ಅಂತೀರಾ? 2021ರ ಆ ಮತದ ಲೆಕ್ಕದಲ್ಲೂ ಕೆಲವು ದೇಶಗಳ ಕೈಯಲ್ಲಿ ಒಂದು ಮತ, ಇನ್ನು ಕೆಲವದರ ಕೈಯಲ್ಲಿ ಜಾಸ್ತಿ.