ತರಗತಿಯಲ್ಲಿ ತಂತ್ರಜ್ಞಾನ: ಕಲಿಕೆಗೆ ಯಾವಾಗ ನೆರವು, ಯಾವಾಗ ತೊಡಕು?

ಶಿಕ್ಷಕರು ಪ್ರೊಜೆಕ್ಟರ್ ಹಾಕಿದರೋ ಟ್ಯಾಬ್ ಕೊಟ್ಟರೋ ಎಂಬುದರಿಂದ ಕಲಿಕೆಯ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ವಿದ್ಯಾರ್ಥಿ ಯಾವ ಯೋಚನೆ ಮಾಡಬೇಕಾಯಿತು ಎಂಬುದನ್ನು ನೋಡಬೇಕು. ಮಾಧ್ಯಮ ಬರೀ ಸಾಗಣೆಯ ವಾಹನ, ಫಲ ಕೊಡುವುದು ಬೋಧನೆಯ ವಿಧಾನ ಎಂದು ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲೇ ವಾದಿಸಿದ್ದರು. 2006ರಲ್ಲಿ ಶಿಕ್ಷಣ ಸಂಶೋಧಕರಾದ ಮಿಶ್ರಾ ಮತ್ತು ಕೋಹ್ಲರ್ ಮಂಡಿಸಿದ ಟಿಪ್ಯಾಕ್ (TPACK) ಚೌಕಟ್ಟು ವಿಷಯ, ಬೋಧನೆ, ತಂತ್ರಜ್ಞಾನ ಈ ಮೂರರ ತಿಳಿವಳಿಕೆಯನ್ನು ಒಟ್ಟಿಗೆ ಇಡುತ್ತದೆ. ಇದನ್ನು ತೋರಿಸುವ ಮೂರು ವೃತ್ತಗಳ ಚಿತ್ರ ಬಾಯಿಪಾಠ ಮಾಡಿ ಬಿಟ್ಟುಬಿಡಬೇಡಿ. ಅವು ಒಂದರ ಮೇಲೊಂದು ಬೀಳುವ ಜಾಗಕ್ಕೆ ಉದಾಹರಣೆ ಕೊಡಲು ಬರಬೇಕು.

ಒಂದು ಒಳ್ಳೆಯ ಉದಾಹರಣೆ, ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ರೂಪಿಸಿದ ಸಹಪಾಠಿ ಬೋಧನೆ. ಪ್ರಶ್ನೆ ಹೀಗಿರಲಿ: ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದು ಜೋಡಿಸಿದ ಒಂದೇ ಬಗೆಯ ಎರಡು ಬಲ್ಬುಗಳಿವೆ, ಯಾವುದು ಹೆಚ್ಚು ಬೆಳಗುತ್ತದೆ? ಮೊದಲ ಬಲ್ಬಿನಲ್ಲಿ ಕರೆಂಟ್ ಖರ್ಚಾಗುತ್ತದೆ ಎಂದುಕೊಂಡವರು ಅದನ್ನೇ ಆರಿಸುತ್ತಾರೆ. ಸರಿ ಉತ್ತರ, ಎರಡೂ ಸಮ. ಒಂದೆರಡು ನಿಮಿಷ ಒಬ್ಬೊಬ್ಬರೇ ಯೋಚಿಸಿ ಮೊಬೈಲ್‌ನಲ್ಲೋ ಕ್ಲಿಕರ್ ಎಂಬ ಪುಟ್ಟ ಮತದಾನ ಸಾಧನದಲ್ಲೋ ಉತ್ತರ ಒತ್ತಬೇಕು. ಸರಿ ಉತ್ತರ ಸುಮಾರು 30ರಿಂದ 70 ಶೇಕಡಾ ಇದ್ದರೆ ಪಕ್ಕದವರೊಂದಿಗೆ ವಾದಿಸಲು ಬಿಟ್ಟು, ಮತ್ತೆ ಮತ ಕೇಳಬೇಕು. ಅದಕ್ಕಿಂತ ಕಡಿಮೆಯಾದರೆ ಪಾಠವನ್ನೇ ಇನ್ನೊಮ್ಮೆ ವಿವರಿಸಬೇಕು, ಏಕೆಂದರೆ ಚರ್ಚಿಸಲು ಬೇಕಾದ ತಿಳಿವಳಿಕೆ ಗುಂಪಿನಲ್ಲೇ ಇಲ್ಲ.

ಇದು ಹೆಚ್ಚಾಗಿ ಹಾಳಾಗುವುದು ಒಂದೇ ಕಡೆ: ಮೊದಲ ಮತದ ಕಂಬನಕ್ಷೆಯನ್ನು ಚರ್ಚೆಗೆ ಮುಂಚೆಯೇ ಪರದೆಯಲ್ಲಿ ತೋರಿಸಿಬಿಡುವುದು. ಉದ್ದದ ಕಂಬ ಕಂಡ ಕೂಡಲೇ ಅನೇಕರು ಅತ್ತ ವಾಲುತ್ತಾರೆ, ವಾದ ಅಲ್ಲಿಗೇ ಮುಗಿಯುತ್ತದೆ. ಕೈ ಎತ್ತಿಸಿದರೂ ಇದೇ ಕಥೆ. ಹಾಗಾಗಿ ಇಲ್ಲಿ ಉಪಕರಣದ ನಿಜವಾದ ಉಪಯೋಗ ಉತ್ತರವನ್ನು ಗುಟ್ಟಾಗಿಡುವುದು. ಬಣ್ಣದ ಕಾರ್ಡ್‌ಗಳನ್ನು ಎದೆಗೊತ್ತಿ ಹಿಡಿದರೂ ಹೆಚ್ಚುಕಡಿಮೆ ಅದೇ ಕೆಲಸವಾಗುತ್ತದೆ.

ಸ್ಲೈಡ್‌ಗಳ ವಿಷಯ ಬೇರೆ. ಚಿತ್ರದ ಜೊತೆಗೆ ಪರದೆಯ ತುಂಬ ವಾಕ್ಯ ಹಾಕಿ, ಅದನ್ನೇ ಗಟ್ಟಿಯಾಗಿ ಓದಿದರೆ, ವಿದ್ಯಾರ್ಥಿಯ ಕಣ್ಣು ಅಕ್ಷರಕ್ಕೂ ಚಿತ್ರಕ್ಕೂ ಓಡಾಡುತ್ತಾ ದಣಿಯುತ್ತದೆ. ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಇದನ್ನು ಪುನರುಕ್ತಿ ತತ್ತ್ವದಲ್ಲಿ, ಅಂದರೆ ಹೇಳಿದ ಮಾತನ್ನೇ ಪರದೆಯಲ್ಲೂ ಬರೆದರೆ ಕಲಿಕೆಗೆ ತೊಡಕು ಎಂಬ ತತ್ತ್ವದಲ್ಲಿ, ವಿವರಿಸುತ್ತಾರೆ. ಚಿತ್ರವನ್ನು ಉಳಿಸಿ, ಭಾಗಗಳ ಹೆಸರನ್ನು ಆಯಾ ಭಾಗದ ಪಕ್ಕದಲ್ಲೇ ಬರೆದು, ಉಳಿದದ್ದನ್ನು ಬಾಯಲ್ಲಿ ಹೇಳಿದರೆ ಸಾಕು. ಆದರೆ ಪಾಠದ ಭಾಷೆ ಇನ್ನೂ ಹೊಸದಾಗಿರುವ ಮಕ್ಕಳಿಗೆ, ಕಿವಿ ಮಂದವಿರುವವರಿಗೆ ಅಕ್ಷರ ಬೇಕೇ ಬೇಕು. ಶಿಕ್ಷಣಶಾಸ್ತ್ರದ ಪರೀಕ್ಷೆಯಲ್ಲಿ ಈ ವಿನಾಯಿತಿ ಬರೆಯಲು ಹಲವರು ಮರೆಯುತ್ತಾರೆ.