ಕಾವೇರಿಯ ಮೊಸಳೆ ಮತ್ತು ಮರೆತುಹೋದ ಎಚ್ಚರ

ಬೇಸಿಗೆಯಲ್ಲಿ ಕಾವೇರಿಯ ನೀರು ಇಳಿದಾಗ ಕೊಡಗಿನ ದುಬಾರೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಡುತ್ತ ಹೊಳೆ ದಾಟುವವರನ್ನೂ, ಮಡುವಿನ ಅಂಚಿನಲ್ಲಿ ಸೊಂಟದವರೆಗೆ ನೀರಿಗಿಳಿದು ಮಕ್ಕಳನ್ನು ಆಡಿಸುವ ಪ್ರವಾಸಿಗರನ್ನೂ ಕಾಣಬಹುದು. ಸಿದ್ದಾಪುರ, ನೆಲ್ಯಹುದಿಕೇರಿ, ಕರಡಿಗೋಡಿನ ದಡಗಳಲ್ಲಿ ವಾಸಿಸುವ ತೋಟ ಕಾರ್ಮಿಕರಿಗೆ ಹೊಳೆಯೆಂದರೆ ಬಟ್ಟೆ ಒಗೆಯುವ, ಸ್ನಾನ ಮಾಡುವ, ಸಂಜೆಗೊಂದಿಷ್ಟು ಮೀನು ಹಿಡಿಯುವ ಜಾಗ. ದುಬಾರೆಯ ಆಸುಪಾಸಿನ ಈ ನೀರಿನಲ್ಲಿ ಮೊಸಳೆಗಳಿವೆ ಎಂಬುದು ಗುಟ್ಟೇನಲ್ಲ. ಹಾಗಿದ್ದರೂ ಅದು ದಿನನಿತ್ಯದ ಲೆಕ್ಕಾಚಾರಕ್ಕೆ ಬಾರದೇ ಹೋದದ್ದು ಹೇಗೆಂದು ತಿಳಿಯಲು ಅರ್ಧ ಶತಮಾನದಷ್ಟು ಹಿಂದಕ್ಕೆ ಹೋಗಬೇಕು.

ಕಾವೇರಿಯಲ್ಲಿರುವುದು ಮಗ್ಗರ್ ಎಂದು ಕರೆಯಲಾಗುವ ಸಿಹಿನೀರಿನ ಮೊಸಳೆ. ನಾಗರಹೊಳೆಯ ಅಂಚಿನ ಕಬಿನಿ ಹಿನ್ನೀರಿನಲ್ಲಿಯೂ, ಕೆಳಗೆ ರಂಗನತಿಟ್ಟಿನಲ್ಲಿಯೂ ಇರುವುದು ಇದೇ ಜಾತಿ. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಚರ್ಮದ ವ್ಯಾಪಾರ, ಮೊಟ್ಟೆಗಳ ಲೂಟಿ, ಅಣೆಕಟ್ಟುಗಳು ಮತ್ತು ಮೀನುಬಲೆಗಳಿಂದಾಗಿ ದೇಶದ ಮೂರೂ ಬಗೆಯ ಮೊಸಳೆಗಳು ಅಳಿವಿನಂಚಿಗೆ ಬಂದಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅವುಗಳ ಬೇಟೆಯನ್ನು ನಿಷೇಧಿಸಿತು. 1975ರಲ್ಲಿ ವಿಶ್ವಸಂಸ್ಥೆಯ ನೆರವಿನೊಂದಿಗೆ ಮೊಸಳೆ ಸಂರಕ್ಷಣಾ ಯೋಜನೆ ಆರಂಭವಾಯಿತು. ಮರುವರ್ಷ ಸರೀಸೃಪ ತಜ್ಞ ರಾಮ್ಯುಲಸ್ ವಿಟೇಕರ್ ಮತ್ತು ಅವರ ಸಂಗಡಿಗರು ಮದ್ರಾಸಿನ ಬಳಿ ಮೊಸಳೆ ಸಾಕಣೆ ಕೇಂದ್ರವನ್ನು ಸ್ಥಾಪಿಸಿದರು. ಮಗ್ಗರ್ ಎಷ್ಟು ಸಲೀಸಾಗಿ ಮರಿ ಮಾಡಿತೆಂದರೆ, 1990ರ ದಶಕದ ಹೊತ್ತಿಗೆ ಸಾಕಿದ ಪ್ರಾಣಿಗಳನ್ನು ಬಿಡಲು ಸುರಕ್ಷಿತ ಜಾಗ ಹುಡುಕುವುದೇ ತಲೆನೋವಾಯಿತು. ವನ್ಯಜೀವಿ ಸಂರಕ್ಷಣೆಯಲ್ಲಿ ಇಂಥ ತಲೆನೋವು ಅಪರೂಪ.

ಮೊಸಳೆ ವಿರಳವಾಗಿದ್ದ ಆ ದಶಕಗಳಲ್ಲಿ ಹುಟ್ಟಿ ಬೆಳೆದವರು ಹೊಳೆಯನ್ನು ನಿರಾತಂಕವಾಗಿ ಬಳಸುವುದನ್ನು ರೂಢಿಸಿಕೊಂಡರು. ಯಾವ ಮಡುವಿಗೆ ಇಳಿಯಬಾರದು, ಯಾವ ಹೊತ್ತಿನಲ್ಲಿ ಕೊಡ ತುಂಬಬಾರದು ಎಂಬಂಥ ಎಚ್ಚರಿಕೆಗಳು ಬರವಣಿಗೆಯಲ್ಲಿ ಉಳಿಯುವಂಥವಲ್ಲ. ಮನೆಯ ಹಿರಿಯರು ಹೇಳಬೇಕು, ಕಿರಿಯರು ಕೇಳಬೇಕು. ಅಪಾಯವೇ ಕಣ್ಮರೆಯಾದಾಗ ಆ ಮಾತುಗಳೂ ನಿಂತುಹೋಗುತ್ತವೆ. ಕಾನೂನಿನ ರಕ್ಷಣೆಯಲ್ಲಿ ಪ್ರಾಣಿ ಚೇತರಿಸಿಕೊಂಡರೂ ನಿಂತುಹೋದ ಮಾತನ್ನು ಮತ್ತೆ ಆರಂಭಿಸುವ ಕೆಲಸ ಯಾರ ಹೊಣೆಯೂ ಆಗಲಿಲ್ಲ. ಇದಲ್ಲದೆ, ದಡದ ಬಡವರ ಪಾಲಿಗೆ ಹೊಳೆಯನ್ನು ಬಿಟ್ಟರೆ ಬೇರೆ ನೀರು ಸುಲಭವಲ್ಲ. 2019ರ ಆಗಸ್ಟ್ ಪ್ರವಾಹದಲ್ಲಿ ಕರಡಿಗೋಡು, ನೆಲ್ಯಹುದಿಕೇರಿಗಳ ದಡದ ಮನೆಗಳು ಕೊಚ್ಚಿಹೋದ ಮೇಲೂ ಅನೇಕರು ಮತ್ತೆ ನದಿಯಂಚಿನಲ್ಲಿಯೇ ಬದುಕಬೇಕಾಯಿತು. ಇವರನ್ನು ಉಡಾಫೆಯವರೆಂದು ಜರೆಯುವುದು ನ್ಯಾಯವಲ್ಲ. ಸೆಲ್ಫಿಗಾಗಿ ಮಡುವಿಗಿಳಿಯುವ ಪ್ರವಾಸಿಗರ ಮಾತು ಬೇರೆ.

ಕೊಡಗಿನವರಿಗೆ ಕಾಡುಪ್ರಾಣಿಯ ಭಯ ಗೊತ್ತಿಲ್ಲವೆಂದಲ್ಲ. ಕಾಫಿ ತೋಟಕ್ಕೆ ಆನೆ ಬಂದರೆ ಮೊಬೈಲ್‌ಗಳಲ್ಲಿ ಸಂದೇಶ ಹರಿದಾಡುತ್ತದೆ, ಅರಣ್ಯ ಇಲಾಖೆಯ ತಂಡ ಬರುತ್ತದೆ, ಕೆಲಸ ನಿಲ್ಲುತ್ತದೆ. ಆನೆ ಸದ್ದು ಮಾಡುತ್ತದೆ, ಬೇಲಿ ಮುರಿಯುತ್ತದೆ, ಲದ್ದಿ ಹಾಕುತ್ತದೆ. ಮೊಸಳೆಯಾದರೋ ಕಣ್ಣು ಮತ್ತು ಮೂಗಿನ ತುದಿಯನ್ನಷ್ಟೇ ನೀರಿನ ಮೇಲಿಟ್ಟು ಗಂಟೆಗಟ್ಟಲೆ ಅಲುಗದೆ ಇರಬಲ್ಲದು. ಅದು ಶೀತರಕ್ತದ ಪ್ರಾಣಿಯಾದ್ದರಿಂದ ಅದಕ್ಕೆ ಬೇಕಾದ ಆಹಾರ ಕಡಿಮೆ, ವಾರಗಟ್ಟಲೆ ಉಪವಾಸವಿದ್ದರೂ ತೊಂದರೆಯಿಲ್ಲ. ಹೀಗಾಗಿ ನೂರು ಸಲ ಬಟ್ಟೆ ಒಗೆದವರಿಗೆ ನೂರು ಸಲವೂ ಏನೂ ಆಗದಿರುವುದು ಸಹಜ. ಆ ಅನುಭವದಿಂದ ಹುಟ್ಟುವ ಧೈರ್ಯ ಮಾತ್ರ ಸುಳ್ಳು. ಮಗ್ಗರ್ ಮುಖ್ಯವಾಗಿ ಮೀನು ತಿನ್ನುವ ಪ್ರಾಣಿ ಎಂಬ ಮಾತು ನಿಜವೇ, ಆದರೆ ಬೆಳೆದ ಮೊಸಳೆ ನಾಲ್ಕು ಮೀಟರ್ ದಾಟಬಲ್ಲದು, ಜಿಂಕೆಯನ್ನೂ ಎಳೆಯಬಲ್ಲದು. ನೀರಿನಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಮನುಷ್ಯನ ಎತ್ತರವೂ ಹೆಚ್ಚೇನಲ್ಲ.

ಇದರ ಮೇಲೆ ಕೋಳಿ, ಮೀನು ಅಂಗಡಿಗಳ ತ್ಯಾಜ್ಯವನ್ನು ಹೊಳೆಗೆ ಸುರಿಯುವ ಕೆಟ್ಟ ಚಾಳಿಯೊಂದು ಸೇರಿಕೊಂಡಿದೆ. ಕಾವೇರಿಯನ್ನು ತಾಯಿಯೆಂದು ಪೂಜಿಸುವ ಜಿಲ್ಲೆಯಲ್ಲಿ ಇದು ನಡೆಯುತ್ತಿರುವುದು ನಾಚಿಕೆಗೇಡು. ನೈರ್ಮಲ್ಯದ ಮಾತು ಹಾಗಿರಲಿ, ಒಂದೇ ಜಾಗದಲ್ಲಿ ಸುಲಭವಾಗಿ ಮಾಂಸ ಸಿಗುವುದಾದರೆ ಮೊಸಳೆ ಅಲ್ಲಿಗೇ ಬರುವುದನ್ನು ಕಲಿಯುತ್ತದೆ. ಉತ್ತರ ಕನ್ನಡದ ದಾಂಡೇಲಿಯಲ್ಲಿ ಕಾಳಿ ನದಿಯ ಮೊಸಳೆಗಳು ಪಟ್ಟಣದ ಅಂಚಿನಲ್ಲಿಯೇ ಬೀಡುಬಿಟ್ಟಿವೆ, ಅಲ್ಲಿ ಜೀವಹಾನಿಯೂ ಆಗಿದೆ.

ಬೇರೆಡೆಯವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಶ್ರೀಲಂಕಾದ ಕೆಲವು ನದಿಗಳಲ್ಲಿ ಸ್ನಾನದ ಜಾಗದ ಸುತ್ತ ಗೂಟ ನೆಟ್ಟು ಮೊಸಳೆ ನುಸುಳದಂತೆ ಆವರಣ ಕಟ್ಟುವುದು ಹಳೆಯ ಪದ್ಧತಿ. ಒಡಿಶಾದ ಭಿತರಕನಿಕದ ಹಳ್ಳಿಗಳಲ್ಲಿ ಅರಣ್ಯ ಇಲಾಖೆಯೇ ಸ್ನಾನಘಟ್ಟಗಳಿಗೆ ಬೇಲಿ ಹಾಕಿಸಿದೆ. ಮುಂಗಾರಿನಲ್ಲಿ ಉಕ್ಕುವ ನಮ್ಮ ಕಾವೇರಿಯಲ್ಲಿ ಅಂಥ ಬೇಲಿ ವರ್ಷಪೂರ್ತಿ ನಿಲ್ಲದಿರಬಹುದು. ಆದರೆ ಬೇಲಿ ಬೇಕಾಗಿರುವುದು ಮಳೆಗಾಲಕ್ಕಿಂತ ಹೆಚ್ಚಾಗಿ ಬೇಸಿಗೆಗೆ.

ಏಕೆಂದರೆ ಹೆಣ್ಣು ಮಗ್ಗರ್ ಸಾಮಾನ್ಯವಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮರಳುದಡದಲ್ಲಿ ಗುಂಡಿ ತೋಡಿ ಇಪ್ಪತ್ತು ಮೂವತ್ತು ಮೊಟ್ಟೆ ಇಡುತ್ತದೆ, ಎರಡು ತಿಂಗಳ ಕಾಲ ಅದರ ಸಮೀಪದಲ್ಲಿಯೇ ಕಾವಲಿರುತ್ತದೆ ಮತ್ತು ಆಗ ಹತ್ತಿರ ಬಂದವರ ಮೇಲೆ ಎರಗಲು ಹಿಂಜರಿಯುವುದಿಲ್ಲ. ಹೊಳೆ ಮಡುಗಳಷ್ಟಕ್ಕೆ ಕುಗ್ಗಿ, ಮನುಷ್ಯರೂ ಮೊಸಳೆಗಳೂ ಅವೇ ಮಡುಗಳನ್ನು ಹಂಚಿಕೊಳ್ಳುವುದು ಆ ತಿಂಗಳುಗಳಲ್ಲಿ. ಶಾಲೆಗೆ ರಜೆ ಬಂದು ದುಬಾರೆ, ನಿಸರ್ಗಧಾಮಗಳಿಗೆ ಜನ ನುಗ್ಗುವುದೂ ಆಗಲೇ. ಜಿಲ್ಲೆಯಲ್ಲಿ ನದಿಗಿಳಿಯಬೇಡಿ ಎಂಬ ಎಚ್ಚರಿಕೆ ಜೋರಾಗಿ ಕೇಳಿಬರುವುದು ಮಾತ್ರ ಜೂನ್ ನಂತರ, ದುಬಾರೆಯ ದೋಣಿಗಳನ್ನು ನೀರಿನ ರಭಸಕ್ಕೆ ಹೆದರಿ ನಿಲ್ಲಿಸುವ ಹೊತ್ತಿಗೆ.